ಬದಲಿ ಕೈ

ಫೆಬ್ರವರಿ 3

ಹಂದಿ ಕೊಲ್ಲುವುದು ನನ್ನ ಹೊಸ ಕೆಲಸ. ಬೆಳಿಗ್ಗೆ ಕೂತರೆ ಸಂಜೆಯವರೆಗೆ ಕಂಪ್ಯೂಟರಿನೊಳಗಿನ ಕಾಡಿನಲ್ಲಿ ಹಂದಿ ಕೊಲ್ಲಬೇಕು, ಅಲ್ಲೇ ಇರುವ ಗುಡ್ಡದಲ್ಲಿ ಅದಿರು ಅಗೆಯಬೇಕು. ಸತ್ತ ಹಂದಿ ಹೊನ್ನು ಉದುರಿಸುತ್ತದೆ. ಹಂದಿಯ ಹೊಟ್ಟೆಗೆ ಹೊನ್ನು ಹೇಗೆ ಬಂತು ಎಂದು ಕೇಳಬಾರದು. ದುಡ್ಡಿರುವವರ ಹೊಟ್ಟೆಗೆ ಹೇಗೆ ಬಂತು ಎಂದು ಕೇಳಿ ನಾವು ಯಾವತ್ತಾದರೂ ಉತ್ತರ ಪಡೆದಿದ್ದೇವೆಯೇ?

ಲೋಕದ ಯಾವ್ಯಾವುದೋ ಮೂಲೆಯಲ್ಲಿ ಈ ಆಟ ಆಡುವವರಿಗೆ ಒಳ್ಳೆಯ ಕತ್ತಿ ಬೇಕು, ಒಳ್ಳೆಯ ಕುದುರೆ ಬೇಕು. ಅದನ್ನು ಕೊಳ್ಳಲು ಆಟದ ಹೊನ್ನು ಬೇಕು. ಹೊನ್ನಿಗಾಗಿ ದಿನವಿಡೀ ಹಂದಿ ಹೊಡೆಯಲು ಅವರಿಗೆ ಬೇಸರ. ಅವರು ನಮ್ಮ ಮಾಲೀಕನಿಗೆ ನಿಜವಾದ ದುಡ್ಡು ಕೊಡುತ್ತಾರೆ. ನಾವು ಅಗೆದ ಹೊನ್ನು ಅವರ ಚೀಲಕ್ಕೆ ಹೋಗುತ್ತದೆ. ಅವರ ಬೇಸರವೇ ನಮ್ಮ ಕೂಲಿ.

ಕೋಣೆ ಟೈರ್ ಅಂಗಡಿಯ ಮೇಲಿದೆ. ಕಿಟಕಿಗಳಿಗೆ ಕಪ್ಪು ಕಾಗದ. ಹನ್ನೆರಡು ಯಂತ್ರ, ಹನ್ನೆರಡು ಕುರ್ಚಿ, ಒಂದು ಕೂಲರ್. ಅದರ ಮುಖ ಯಂತ್ರಗಳ ಕಡೆಗೆ, ಬೆನ್ನು ನಮ್ಮ ಕಡೆಗೆ. ಯಂತ್ರ ಬಿಸಿಯಾದರೆ ಕೆಡುತ್ತದೆ. ಮನುಷ್ಯ ಬಿಸಿಯಾದರೆ ಬೆವರುತ್ತಾನೆ, ಅಷ್ಟೇ. ಇದೇ ಕಾರಣಕ್ಕೆ ಕೋಣೆಯವರು ಮಾಲೀಕನಿಗೆ ಇಟ್ಟ ಅಡ್ಡಹೆಸರು ಕೂಲರ್.

ನಾನು ದುಡಿಯುತ್ತಿದ್ದ ಅಚ್ಚಿನ ಪ್ರೆಸ್ಸು ಮುಚ್ಚಿ ವರ್ಷವಾಯಿತು. ಕಾರ್ಮಿಕ ಸಂಘದ ಕಾರ್ಯದರ್ಶಿಯಾಗಿದ್ದವನನ್ನು ಬೇರೆ ಯಾವ ಪ್ರೆಸ್ಸಿನವನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ನನ್ನ ಹೆಸರು ನನಗಿಂತ ಮುಂಚೆ ಹೋಗಿ ಬಾಗಿಲು ಹಾಕಿಸುತ್ತಿತ್ತು. ಇಲ್ಲಿ ಹೆಸರು ಕೇಳಲಿಲ್ಲ, ಬೆರಳು ನೋಡಿದರು. ಕೋಣೆಯವರು ನನ್ನನ್ನು ಪ್ರೆಸ್ಸಣ್ಣ ಅನ್ನುತ್ತಾರೆ.

ಒಂದು ಸಂಗತಿ ಬರೆದಿಡಬೇಕು. ಇಲ್ಲಿ ಕುರ್ಚಿ ಬಿಟ್ಟು ಏಳುವಂತಿಲ್ಲ. ಹೊನ್ನು ಮಾರುವವರನ್ನು ಕಂಡರೆ ಆಟದ ಕಂಪನಿಗೆ ಆಗದು. ಅದು ತನ್ನ ಕಾವಲಿನವರನ್ನು ಬಿಟ್ಟಿರುತ್ತದೆ. ಯಾವಾಗ ಬೇಕಾದರೂ ತೆರೆಯ ಮೇಲೆ ಕಾವಲಿನವನೊಬ್ಬ ಬಂದು ನಿಂತು ಏನಾದರೊಂದು ಕೇಳುತ್ತಾನೆ. ಕುರ್ಚಿಯಲ್ಲಿರುವುದು ಮನುಷ್ಯನೋ, ತಾನೇ ಹಂದಿ ಹೊಡೆಯುವಂತೆ ಕೀಲಿ ಕೊಟ್ಟಿಟ್ಟ ಯಂತ್ರವೋ ಎಂದು ನೋಡುವುದಕ್ಕೆ. ಕೂಡಲೇ ಉತ್ತರ ಬಾರದಿದ್ದರೆ ಆ ಖಾತೆ ಸತ್ತಿತು. ಅದರಲ್ಲಿದ್ದ ಹೊನ್ನೂ ಹೋಯಿತು, ಇನ್ನೊಂದು ಖಾತೆ ಬೆಳೆಸುವವರೆಗೆ ಕೂಲಿಯೂ ಹೋಯಿತು. ಪದೇಪದೇ ಒಳಗೆ ಹೊರಗೆ ಮಾಡಿದರೂ ಕಂಪನಿಗೆ ಅನುಮಾನವಂತೆ, ಆದ್ದರಿಂದ ಊಟದ ಹೊತ್ತು ಬಿಟ್ಟರೆ ಆಟದಿಂದ ಹೊರಬರುವಂತಿಲ್ಲ. ಪಾಯಿಖಾನೆ ಇರುವುದು ಹೊರಗಿನ ಕಬ್ಬಿಣದ ಮೆಟ್ಟಿಲು ಇಳಿದು, ಟೈರ್ ಅಂಗಡಿಯ ಹಿಂದೆ.

ಯಂತ್ರಕ್ಕೆ ಉಚ್ಚೆ ಬರುವುದಿಲ್ಲ. ನಾವು ಯಂತ್ರವಲ್ಲ ಎಂದು ತೋರಿಸಲು ನಾವು ಉಚ್ಚೆ ಕಟ್ಟಿಕೊಂಡು ಕೂತಿರಬೇಕು! ಇದಕ್ಕಿಂತ ದೊಡ್ಡ ಹಾದರ ಲೋಕದಲ್ಲಿ ಇನ್ನೇನಿದೆ?

ಫೆಬ್ರವರಿ 11

ಪಕ್ಕದ ಕುರ್ಚಿ ಟೈಲರಕ್ಕನದು. ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದವಳು, ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದಳು. ಆಟದೊಳಗೆ ಅವಳು ಮಂಡಿಯವರೆಗೆ ಗಡ್ಡ ಬಿಟ್ಟ, ಕೊಡಲಿ ಹೊತ್ತ ಕುಳ್ಳ. 'ಈ ಜನ್ಮದಲ್ಲಿ ಗಡ್ಡ ಬಂತಲ್ಲ ತಮ್ಮಾ, ಸಾಕು' ಅನ್ನುತ್ತಾಳೆ. ಕೋಣೆಯಲ್ಲಿ ಅವಳಷ್ಟು ಚುರುಕಿನ ಕೈ ಇನ್ನೊಂದಿಲ್ಲ. ಅವಳ ಖಾತೆ ಒಮ್ಮೆಯೂ ಸತ್ತಿಲ್ಲ.

ಕೊನೆಯ ಕುರ್ಚಿಯಲ್ಲಿ ಮೇಷ್ಟ್ರು. ಸಂಬಳ ಕೊಡದ ಶಾಲೆಯಲ್ಲಿ ಪಾಠ ಮಾಡಿ ಸಾಕಾಗಿ ಬಂದವರು. ಗಿರಾಕಿಗಳ ಭಾಷೆ ಬಲ್ಲವರು ಅವರೊಬ್ಬರೇ. ಯಾರ ತೆರೆಗೆ ಕಾವಲಿನವನು ಬಂದರೂ 'ಮೇಷ್ಟ್ರೇ!' ಎಂದು ಕೂಗು. ಅವರು ಕೂತಲ್ಲಿಂದಲೇ ಉತ್ತರ ಹೇಳುತ್ತಾರೆ, ಇವರು ಬಡಿಯುತ್ತಾರೆ. ಇವತ್ತು ಟೈಲರಕ್ಕನ ಕುಳ್ಳನ ಮುಂದೆ ಕಾವಲಿನವನು ಬಂದು, ನಿನಗೆ ಇಷ್ಟವಾದ ಪ್ರಾಣಿ ಯಾವುದು ಅಂತ ಕೇಳಿದ.

ಮೇಷ್ಟ್ರು ಉದ್ದದ ಉತ್ತರ ಹೇಳತೊಡಗಿದರು.

'ವ್ಯಾಕರಣ ಬೇಡ ಮೇಷ್ಟ್ರೇ, ಸ್ವಲ್ಪ ತಪ್ಪು ಹೇಳಿ,' ಎಂದಳು ಅಕ್ಕ. 'ಇಷ್ಟು ಚೆಂದಾಗಿ ಬರೆದ್ರೆ ಮನುಷ್ಯರು ಅಂತ ಯಾರು ನಂಬ್ತಾರೆ?'

'ತಪ್ಪು ಬರೆಯೋದು ನಂಗೆ ಬರಲ್ಲ ಕಣಮ್ಮ.'

'ನಿಮ್ಮ ಸ್ಕೂಲು ಸಂಬಳ ಕೊಡದೇ ಇದ್ದಿದ್ದು ಅದಕ್ಕೇ.'

ಕೋಣೆಯೆಲ್ಲ ನಕ್ಕಿತು. ಕೊನೆಗೆ ಅವಳೇ 'ಹಂದಿ' ಅಂತ ಒಂದು ಪದ ಬಡಿದಳು. ಕಾವಲಿನವನು ನಗುವ ಮುಖ ಹಾಕಿ ಹೊರಟುಹೋದ.

ಗುಡ್ಡದ ರೀತಿಯನ್ನೂ ಅವಳೇ ಕಲಿಸಿದಳು. ಅಲ್ಲಿ ಬೇರೆ ಕೋಣೆಗಳ ಕೂಲಿಗಳೂ ಅಗೆಯುತ್ತಿರುತ್ತಾರೆ. ಯಾವ ದೇಶದವರೋ, ಯಾವ ಭಾಷೆಯೋ. ಬಂಡೆಯನ್ನು ಪೂರ್ತಿ ಅಗೆದರೆ ಅದು ಮತ್ತೆ ಹುಟ್ಟಲು ಬಹಳ ಹೊತ್ತು ಬೇಕು. ಆದ್ದರಿಂದ ಕೊನೆಯ ತುಂಡು ಬಿಟ್ಟು ಬರಬೇಕು, ಹಿಂದೆ ಬರುವವನಿಗೆ. ಎದುರು ಸಿಕ್ಕರೆ ಒಮ್ಮೆ ಕೂತು ಏಳಬೇಕು. ಅದೇ ನಮಸ್ಕಾರ.

'ಇದನ್ನ ಯಾರು ಮಾಡಿದ್ದು ಅಕ್ಕಾ?'

'ಯಾರೂ ಮಾಡಿಲ್ಲ. ಅವನೂ ಯಾವನೋ ಒಬ್ಬ ಕೂಲರ್ ಕೈಲಿ ಸಿಕ್ಕಾಕ್ಕೊಂಡಿರೋನೇ ಅಲ್ವಾ?'

ಸಂಘದ ಎಷ್ಟೋ ಭಾಷಣ ಮಾಡಿದ್ದೇನೆ. ಇಷ್ಟು ಚಿಕ್ಕದಾಗಿ ಹೇಳಲು ನನಗೆ ಬಂದಿಲ್ಲ.

ಮಾರ್ಚ್ 1

ಟೈಲರಕ್ಕನಿಗೆ ಜ್ವರ ಬಂದು ಬಂದು ಹೋಗುತ್ತಿದೆ. ಉಚ್ಚೆಯಲ್ಲಿ ರಕ್ತ. ಡಾಕ್ಟರು ಹೇಳಿದ್ದನ್ನು ಅವಳು ಊಟದ ಹೊತ್ತಿನಲ್ಲಿ ನಗುತ್ತಲೇ ಹೇಳಿದಳು: 'ಚೆನ್ನಾಗಿ ನೀರು ಕುಡೀಬೇಕಂತೆ, ಬಂದಾಗೆಲ್ಲ ಹೋಗ್ಬೇಕಂತೆ. ಕಟ್ಕೊಂಡ್ ಕೂತ್ರೆ ಕಿಡ್ನಿ ಹೋಗುತ್ತಂತೆ. ಡಾಕ್ಟ್ರೇ, ನಮ್ ಮಾಲೀಕ್ರಿಗೆ ಒಂದು ಚೀಟಿ ಬರ್ಕೊಡಿ ಅಂದೆ. ಏನ್ ಕೆಲ್ಸ ನಿಂದು ಅಂದ್ರು. ಹಂದಿ ಹೊಡೆಯೋದು ಅಂದೆ. ತಲೆಗೂ ಮಾತ್ರೆ ಬರ್ಕೊಟ್ರು.'

ಯಾರೂ ನಗಲಿಲ್ಲ. ಕೋಣೆಯಲ್ಲಿ ಐವರು ಹೆಂಗಸರು. ಐವರೂ ತಟ್ಟೆ ನೋಡುತ್ತ ಕೂತರು. ಒಬ್ಬೊಬ್ಬರೇ ಬಾಯಿಬಿಟ್ಟ ಮೇಲೆ ತಿಳಿಯಿತು, ಎಲ್ಲರಿಗೂ ಅದೇ ಉರಿ, ಅದೇ ನೋವು. ಬೆಳಿಗ್ಗೆ ಮನೆ ಬಿಡುವಾಗಲೇ ನೀರು ಬಿಡುತ್ತಾರೆ.

ಮನುಷ್ಯರನ್ನು ಕೂಡಿಹಾಕಿ, ಅವರ ಮೂತ್ರಕೋಶದ ಮೇಲೆ ಬಡ್ಡಿ ಎತ್ತುವ ದಂಧೆಯಿದು. ಊಟ ಮುಗಿಯುವುದರೊಳಗೆ ನಾನು ಒಂದೇ ಒಂದು ಬೇಡಿಕೆ ಕಟ್ಟಿದೆ. ಬದಲಿ ಕೈ. ಒಬ್ಬ ಹೆಚ್ಚಿನ ಆಳು. ಯಾರು ಎದ್ದರೂ ಅವರು ಬರುವವರೆಗೆ ಆ ಕುರ್ಚಿಯಲ್ಲಿ ಕೂರುವವನು. ಕೇಳದೆ, ಅಂಗಲಾಚದೆ ಏಳುವ ಹಕ್ಕು. ಪ್ರೆಸ್ಸಿನಲ್ಲಿ ನಮಗಿತ್ತು, ಓಡುವ ಯಂತ್ರದ ಮುಂದೆ ಯಾವಾಗಲೂ ಬದಲಿ ಕೈ ಇರುತ್ತಿತ್ತು.

'ಸಿಕ್ಕುತ್ತಾ?' ಎಂದಳು ಅಕ್ಕ.

'ಕಿತ್ಕೊಳ್ಳೋಣ,' ಎಂದೆ.

ಮಾರ್ಚ್ 9

ಗೆದ್ದೆವು!

ಇವತ್ತು ಆಟದಲ್ಲಿ ಕೋಟೆ ಕಾಳಗ. ಆರು ವಾರಕ್ಕೊಮ್ಮೆ ಬರುತ್ತದೆ, ಆವತ್ತು ಹೊನ್ನಿಗೆ ಬೆಂಕಿ ಬೆಲೆ. ಬೆಳಿಗ್ಗೆ ಗಿರಾಕಿಗಳು ಮುಗಿಬೀಳುವ ಹೊತ್ತಿಗೆ ಹನ್ನೆರಡು ಜನ ಒಟ್ಟಿಗೆ ಎದ್ದು ನಿಂತೆವು. ಕಾವಲಿನವನು ಬಂದರೆ ಬರಲಿ, ಖಾತೆ ಸತ್ತರೆ ಸಾಯಲಿ. ಕಬ್ಬಿಣದ ಮೆಟ್ಟಿಲ ಮೇಲೆ ಕೂಲರ್ ಧಡಧಡ ಓಡಿ ಬಂದ.

'ಏನಿದು? ಕರೆಂಟ್ ಹೋಯ್ತಾ?'

'ಕರೆಂಟ್ ಇದೆ. ಒಂದಕ್ಕೆ ಬಂದಿದೆ,' ಎಂದಳು ಟೈಲರಕ್ಕ.

'ಎಲ್ರಿಗೂ ಒಟ್ಟಿಗೇನಾ?'

'ಒಗ್ಗಟ್ಟು ಅಂದ್ರೆ ಅದೇ ಅಲ್ವಾ ಸಾರ್,' ಎಂದರು ಮೇಷ್ಟ್ರು.

ಮಾಲೀಕ ಒಬ್ಬೊಬ್ಬರನ್ನೇ ಹೆಸರು ಹಿಡಿದು ಗದರಿದ. ಯಾರೂ ಕೂರಲಿಲ್ಲ. ಬೆದರಿಸಿದ. ಕೂರಲಿಲ್ಲ. ಕಡೆಗೆ ನನ್ನನ್ನು ತನ್ನ ಕೋಣೆಗೆ ಕರೆದ. ಕೈಯಿರುವ ಕುರ್ಚಿ ಕೊಟ್ಟ, ಚಹಾ ತರಿಸಿದ.

'ಕೂತ್ಕೊಳ್ಳಯ್ಯ. ಏನ್ ಬೇಕು ನಿಂಗೆ?'

'ನಂಗಲ್ಲ, ನಮಗೆ. ಒಂದು ಬದಲಿ ಕೈ.'

ಅವನು ಚಹಾ ಕುಡಿದು ಮುಗಿಸಿದ. ಆಮೇಲೆ, 'ಸರಿ, ಕೊಟ್ಟೆ. ಆದ್ರೆ ಗೊತ್ತಿಲ್ದೇ ಇರೋನ ಕೈಗೆ ನನ್ನ ಖಾತೆ ಕೊಡಲ್ಲ. ನೀನೇ ಆಗು. ನಿನ್ನ ಕುರ್ಚಿಗೆ ಬೇರೆಯವ್ರನ್ನ ತರ್ತೀನಿ. ಕೈ ಖಾಲಿ ಇದ್ದಾಗ ಎಲ್ರ ಹೊನ್ನೂ ಸೇರೋ ಖಜಾನೆ ನೋಡ್ಕೋ,' ಎಂದ.

ಹೊರಗೆ ಬಂದು ಹೇಳಿದಾಗ ಚಪ್ಪಾಳೆ. ಟೈಲರಕ್ಕ ಮೊದಲು ಎದ್ದು ಹೋದಳು, ಮಹಾರಾಣಿಯ ಹಾಗೆ. ಅವಳ ಕುರ್ಚಿಯಲ್ಲಿ ನಾನು ಕೂತೆ. ವಾಪಸು ಬಂದವಳ ಕಣ್ಣಲ್ಲಿ ನೀರು. 'ಹೋಗಿ ಬರೋದಕ್ಕೆ ಇಷ್ಟೊಂದು ಸುಖ ಇದೆ ಅಂತ ಮರ್ತೇ ಹೋಗಿತ್ತು ಕಣೋ,' ಎಂದಳು.

ಮಾರ್ಚ್ 18

'ಬದಲೀ!' ಎಂದು ಕೂಗಿದರೆ ನಾನು ಹಾಜರು. ಕುರ್ಚಿಯಿಂದ ಕುರ್ಚಿಗೆ ಓಡಿ ಓಡಿ ಕಾಲು ಸವೆದಿದೆ. ಸಂತೋಷದ ಸವೆತ.

ಖಜಾನೆಯ ಕೆಲಸ ಇಷ್ಟು ಸ್ವಾರಸ್ಯದ್ದು ಅಂದುಕೊಂಡಿರಲಿಲ್ಲ. ಗಿರಾಕಿಗೆ ಹೊನ್ನನ್ನು ನೇರವಾಗಿ ಕೊಟ್ಟರೆ ಕಂಪನಿ ಹಿಡಿಯುತ್ತದೆ. ಆದ್ದರಿಂದ ಆಟದ ಹರಾಜು ಕಟ್ಟೆಯಲ್ಲಿ ಗಿರಾಕಿ ಒಂದು ಕೊಳೆತ ಮೀನು ಇಡುತ್ತಾನೆ, ಅರಮನೆಯ ಬೆಲೆಗೆ. ನಾನು ಅದನ್ನು ಕೊಳ್ಳುತ್ತೇನೆ. ಹೊನ್ನು ಅವನಿಗೆ ಮುಟ್ಟಿತು. ಸಂಜೆಯ ಹೊತ್ತಿಗೆ ನನ್ನ ಖಜಾನೆಯ ತುಂಬ ಕೊಳೆತ ಮೀನು.

ಮನೆಯಲ್ಲಿ ಹೇಳಿದೆ. ಹೆಂಡತಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾಳೆ, ಅವಳ ನಾಲಿಗೆಯೂ ಬ್ಲೀಚಿನಲ್ಲಿ ಅದ್ದಿದ್ದು. 'ಅದಕ್ಕೇನಾ ರೀ ನಿಮ್ ಹತ್ರ ವಾಸನೆ?' ಎಂದಳು.

ಬೆಲೆ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ, ಯಾವಾಗ ಹಿಡಿದಿಡಬೇಕು, ಯಾವಾಗ ಬಿಡಬೇಕು, ಎಲ್ಲ ಕೈಗೆ ಹತ್ತುತ್ತಿದೆ. ನಿನ್ನೆ ಬೆಲೆ ಇಳಿದಾಗ ಮಾರದೆ ತಡೆದೆ, ಇವತ್ತು ಏರಿತು. ಮಾಲೀಕರು ಬೆನ್ನು ತಟ್ಟಿ, 'ನೀವು ಇಷ್ಟು ದಿನ ಎಲ್ಲಿ ಅಡಗಿದ್ರಿ?' ಎಂದರು. ನೀವು ಅಂದರು.

ಮಾರ್ಚ್ 29

ಹೊನ್ನಿನ ಬೆಲೆ ಬಿದ್ದಿದೆ. ಬೇರೆ ಕೋಣೆಗಳವರು ಅಗ್ಗಕ್ಕೆ ಸುರಿಯುತ್ತಿದ್ದಾರೆ. ಮಾಲೀಕರು ಕರೆದು, 'ಹೀಗೇ ಆದ್ರೆ ಮೊದ್ಲು ಹೋಗೋದು ಬದಲಿ ಕೈ,' ಎಂದರು. ಹೋರಾಡಿ ಗಳಿಸಿದ್ದನ್ನು ಬಿಟ್ಟುಕೊಡುವುದುಂಟೇ? ಉಳಿಸಿಕೊಳ್ಳಬೇಕೆಂದರೆ ನಮ್ಮ ಕೋಣೆ ಹೆಚ್ಚು ಅಗೆಯಬೇಕು.

ಊಟದ ಹೊತ್ತಿನಲ್ಲಿ ಎಲ್ಲರಿಗೂ ಹೇಳಿದೆ, ಇವತ್ತಿನಿಂದಲೇ ಗುಡ್ಡದಲ್ಲಿ ಕೊನೆಯ ತುಂಡು ಬಿಡುವುದು ಬೇಡ, ಪೂರ್ತಿ ಅಗೆಯಿರಿ ಅಂತ.

'ಹಿಂದೆ ಬರೋನಿಗೆ?' ಎಂದಳು ಟೈಲರಕ್ಕ.

'ಹಿಂದೆ ಬರೋನೇ ಅಲ್ವಾ ಅಕ್ಕ ನಮ್ ಬೆಲೆ ಬೀಳಿಸ್ತಿರೋದು?'

'ಬೀಳಿಸ್ತಿರೋದು ಅವನ ಕೂಲರ್ರು. ಅವನಲ್ಲ.'

'ಭಾವನೆ ಬೇರೆ, ಪರಿಸ್ಥಿತಿ ಬೇರೆ.'

ಅವಳು ನನ್ನನ್ನೇ ನೋಡಿದಳು, ಹೊಲಿಗೆ ತಪ್ಪಿದ ಕಾಲರನ್ನು ನೋಡುವ ಹಾಗೆ. ಮಧ್ಯಾಹ್ನ ಅವಳ ಹಿಂದೆ ನಿಂತು ನೋಡಿದೆ. ಕೊನೆಯ ತುಂಡು ಬಿಟ್ಟೇ ಬರುತ್ತಿದ್ದಾಳೆ. ಹಿರಿಯಳು ಅಂತ ಸುಮ್ಮನಿದ್ದೇನೆ.

ಏಪ್ರಿಲ್ 5

'ಬದಲಿ, ಬದಲಿ' ಎಂದು ಹೊತ್ತಿಲ್ಲ ಗೊತ್ತಿಲ್ಲ. ಹರಾಜಿನ ನಡುವೆ ಎದ್ದು ಓಡಬೇಕು. ಇವತ್ತು ಒಂದು ಒಳ್ಳೆಯ ಬೆಲೆ ಕೈತಪ್ಪಿತು, ಯಾಕೆಂದರೆ ನಾನು ನನ್ನ ಹಳೆಯ ಜಾಗಕ್ಕೆ ಬಂದ ಹೊಸಬಳ ಕುರ್ಚಿಯಲ್ಲಿ ಹಂದಿ ಹೊಡೆಯುತ್ತಿದ್ದೆ. ಅವಳು ಕೆಳಗೆ ಹೋಗಿ ಫೋನಿನಲ್ಲಿ ಮಾತಾಡುತ್ತಿದ್ದಳಂತೆ. ಹಕ್ಕು ಅಂದರೆ ಹೀಗೆ ಪೋಲು ಮಾಡುವುದಕ್ಕಾ?

ಸರದಿ ಮಾಡಿದ್ದೇನೆ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ. ಎಲ್ಲರಿಗೂ ಸಮಾನ. ಸಂಘಟನೆ ಅಂದರೆ ಶಿಸ್ತು.

ಏಪ್ರಿಲ್ 6

ಟೈಲರಕ್ಕ: 'ನಂಗೆ ಸರದಿ ಪ್ರಕಾರ ಬರಲ್ವಲ್ಲ ತಮ್ಮಾ.'

ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕು. ಹೇಗೆ ಹೇಳುವುದು ಅವಳಿಗೆ? ಆದಷ್ಟು ನೋಡುತ್ತೇನೆ ಎಂದೆ.

ಏಪ್ರಿಲ್ 13

ಕಳೆದ ವಾರ ಪಕ್ಕದ ಬೀದಿಯ ಕೋಣೆಯೊಂದರ ಖಜಾನೆ ಖಾತೆ ಸತ್ತು, ಇದ್ದಬದ್ದ ಹೊನ್ನೆಲ್ಲ ಒಂದೇ ಏಟಿಗೆ ಮಣ್ಣುಪಾಲಾಯಿತಂತೆ. ಎಲ್ಲವನ್ನೂ ಒಂದೇ ಚೀಲದಲ್ಲಿಡುವುದು ಪೆದ್ದತನ. ನಮ್ಮ ಖಜಾನೆಯನ್ನು ಹಂಚಿಟ್ಟೆ. ಬಹುಪಾಲು ಟೈಲರಕ್ಕನ ಕುಳ್ಳನ ಚೀಲಕ್ಕೆ ಹಾಕಿದೆ. ಅವಳ ಖಾತೆಯಷ್ಟು ಗಟ್ಟಿ ಬೇರೆ ಯಾವುದಿದೆ? ಇದು ನಾನು ಅವಳಿಗೆ ಕೊಡುವ ಗೌರವ. ಮಾಲೀಕರಿಗೂ ಯೋಚನೆ ಹಿಡಿಸಿತು.

ಅವಳಿಗೆ ಹಿಡಿಸಲಿಲ್ಲ. 'ನನ್ನ ತಲೆ ಮೇಲೆ ಇಷ್ಟ್ ದೊಡ್ಡ ಮೂಟೆ ಇಟ್ಟೆ. ಇನ್ನು ನನ್ನ ಏಳೋಕೆ ಬಿಡ್ತೀಯಾ?'

'ಯಾಕ್ ಬಿಡಲ್ಲ? ನಾನಿದೀನಲ್ಲ.'

'ನೀನಿದೀಯಾ?' ಎಂದು ಕೇಳಿದಳು. ನಿಜವಾಗಿ ಕೇಳಿದಳೋ, ಚುಚ್ಚಿದಳೋ ಗೊತ್ತಾಗಲಿಲ್ಲ.

ಏಪ್ರಿಲ್ 20

ಇವತ್ತು ಕೋಟೆ ಕಾಳಗ. ದೊಡ್ಡ ಗಿರಾಕಿಯೊಬ್ಬ ಸಾಲಾಗಿ ಕೊಳೆತ ಮೀನು ಇಡುತ್ತಿದ್ದ. ಇಟ್ಟದ್ದನ್ನು ಕೂಡಲೇ ಎತ್ತಿಕೊಳ್ಳಬೇಕು, ಹಾಗೇ ಬಿಟ್ಟರೆ ಅಂಥ ಬೆಲೆಯ ಮೀನು ಕಂಪನಿಯ ಕಣ್ಣಿಗೆ ಬೀಳುತ್ತದೆ. ಇಡೀ ತಿಂಗಳ ವ್ಯಾಪಾರ ಒಂದು ಬೆಳಗಿನಲ್ಲಿ.

ಟೈಲರಕ್ಕ 'ಬದಲಿ' ಎಂದಳು. ಅವಳ ಸರದಿ ಆಗಿಹೋಗಿತ್ತು. ಕೈ ಎತ್ತಿ ತೋರಿಸಿದೆ, ಒಂದು ನಿಮಿಷ ಅಂತ. ಸ್ವಲ್ಪ ಹೊತ್ತಿಗೆ ಮತ್ತೆ 'ಬದಲಿ' ಎಂದಳು. ಮೀನು ಬರುತ್ತಲೇ ಇತ್ತು. ಮತ್ತೆ ಕೂಗಿದಳು. ಈ ಸಲ ಹೆಸರು ಹಿಡಿದು ಕೂಗಿದಳು.

ಆಗಲೇ ಅವಳ ತೆರೆಗೆ ಕಾವಲಿನವನು ಬಂದ. ಸುಮ್ಮನೆ ಒಂದು ಪ್ರಶ್ನೆ ಕೇಳಿ ಹೋಗುವವನಲ್ಲ, ಮಾತುಗಾರ. ಎಲ್ಲಿಯವನು, ಎಷ್ಟು ದಿನದಿಂದ ಆಡುತ್ತೀ, ಈ ಗಡ್ಡ ಯಾಕೆ, ಇಷ್ಟೊಂದು ಹೊನ್ನು ಯಾಕೆ. ಮೇಷ್ಟ್ರು ತಮ್ಮ ಕುರ್ಚಿಯಿಂದ ಉತ್ತರ ಹೇಳುತ್ತಿದ್ದರು, ಅಕ್ಕ ಬಡಿಯುತ್ತಿದ್ದಳು. ಅವಳು ಎದ್ದಿದ್ದರೆ ಖಜಾನೆ ಹೋಗುತ್ತಿತ್ತು. ನಾನು ಎದ್ದಿದ್ದರೆ ಮೀನು ಹೋಗುತ್ತಿತ್ತು.

ಅವಳು ಏಳಲಿಲ್ಲ. ಕಾವಲಿನವನು ಕೊನೆಗೆ ನಗುವ ಮುಖ ಹಾಕಿ ಹೋದ. ಒಂದು ಹೊನ್ನೂ ಹೋಗಲಿಲ್ಲ. ಆಮೇಲೂ ಅವಳು ಏಳಲಿಲ್ಲ. ಕುರ್ಚಿಯ ಕೆಳಗೆ ನೆಲ ಒದ್ದೆಯಾಗಿತ್ತು.

ಮೇಷ್ಟ್ರು ತಮ್ಮ ಅಂಗಿ ಬಿಚ್ಚಿ ಕೊಟ್ಟರು. ಅದನ್ನು ಸೊಂಟಕ್ಕೆ ಸುತ್ತಿಕೊಂಡು ಅವಳು ಕಬ್ಬಿಣದ ಮೆಟ್ಟಿಲು ಇಳಿದು ಹೋದಳು. ಹೆಂಗಸರು ನೆಲ ಒರೆಸಿದರು. ವ್ಯಾಪಾರ ಮಾತ್ರ ಇದುವರೆಗೆ ಆಗದಷ್ಟು ಆಯಿತು.

ಕುರ್ಚಿಯ ಸ್ಪಂಜು ಬದಲಾಯಿಸಬೇಕು. ಬೇಸಿಗೆಯಲ್ಲಿ ಒಣಗಿದರೂ ವಾಸನೆ ಉಳಿಯುತ್ತದೆ.

ಏಪ್ರಿಲ್ 21

ನಿನ್ನೆಯದನ್ನು ಹೆಂಡತಿಗೆ ಹೇಳಬಾರದಿತ್ತು. ಒಗೆದ ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

'ಅಂಥ ಬೆಡ್‌ಶೀಟು ನಾನು ದಿನಾ ಒಗೀತೀನಿ ರೀ. ಅಲ್ಲಿ ಮಲ್ಗಿರೋರಿಗೆ ಎದ್ದು ಹೋಗೋಕೆ ಕಾಲಿರಲ್ಲ, ಶಕ್ತಿ ಇರಲ್ಲ. ನಿಮ್ಮಲ್ಲಿ ಕೂತಿರೋರಿಗೆ ಕಾಲು ನೆಟ್ಟಗಿದೆಯಲ್ಲ?'

'ನಿಂಗೆ ಅಲ್ಲಿನ ಪರಿಸ್ಥಿತಿ ಗೊತ್ತಿಲ್ಲ.'

'ಗೊತ್ತಿಲ್ಲ ಬಿಡಿ. ಮೊದ್ಲು ನಿಮ್ಗೂ ಗೊತ್ತಿರ್ಲಿಲ್ಲ.'

ಅಷ್ಟು ಹೇಳಿ ಒಳಗೆ ಹೋದಳು. ಮನೆಯಲ್ಲಿ ಕೂತು ಮಾತಾಡುವುದು ಸುಲಭ. ಹನ್ನೆರಡು ಜನರ ಅನ್ನ ಉಳಿಸಬೇಕಾದವನ ಕಷ್ಟ ಯಾರಿಗೂ ಬೇಡ.

ಮಾಲೀಕರು, 'ಆಯಮ್ಮ ನಮ್ಮ ಖಜಾನೆ ಉಳಿಸಿದ್ಲು. ಏನ್ ಮಾಡೋಣ?' ಎಂದು ನನ್ನನ್ನೇ ಕೇಳಿದರು. ನಾನು ಬಹಳ ಯೋಚಿಸಿ ಹೇಳಿದೆ: ಅವಳ ಆರೋಗ್ಯಕ್ಕೆ ಈ ಕುರ್ಚಿ ಸರಿಯಲ್ಲ. ಒಂದು ತಿಂಗಳ ಕೂಲಿ ಕೊಟ್ಟು ಬಿಡಿಸುವುದೇ ಮಾನವೀಯತೆ. ಮಾಲೀಕರು ಒಂದು ಗಳಿಗೆ ನನ್ನ ಮುಖ ನೋಡಿದರು. 'ನಂಗೆ ಇದು ಹೊಳೆದಿರ್ಲಿಲ್ಲ,' ಎಂದರು.

ಏಪ್ರಿಲ್ 23

ಕೂಲಿಯ ಲಕೋಟೆ ಹಿಡಿದು, ಆವತ್ತಿನಿಂದ ಕೆಲಸಕ್ಕೆ ಬಾರದಿದ್ದ ಟೈಲರಕ್ಕನ ಮನೆಗೆ ಹೋದೆ. ಬಾಗಿಲಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಯಾರದೋ ಪರದೆಗೆ ಅಂಚು ಹೊಲಿಯುತ್ತಿದ್ದಳು. ಪಕ್ಕದಲ್ಲಿ ನೀರಿನ ತಂಬಿಗೆ. ಮೇಷ್ಟ್ರ ಅಂಗಿ ಒಗೆದು ಇಸ್ತ್ರಿ ಮಾಡಿ ಗೋಡೆಗೆ ತೂಗುಹಾಕಿದ್ದಳು.

'ಬಾ. ಕೂತ್ಕೋ ಅನ್ನೋಕೆ ಕುರ್ಚಿ ಇಲ್ಲ.'

ನಿಂತೇ ಹೇಳಿದೆ. ಆರೋಗ್ಯ, ವಿಶ್ರಾಂತಿ, ಎಲ್ಲ ಹೇಳಿದೆ. ಅವಳು ಹೊಲಿಗೆ ನಿಲ್ಲಿಸಲಿಲ್ಲ. ಅಂಚು ಮುಗಿಸಿ ದಾರ ಕತ್ತರಿಸಿ ಕೇಳಿದಳು.

'ಬಿಡಿಸೋಣ ಅಂದಿದ್ದು ಕೂಲರ್ರೋ, ನೀನೋ?'

'ಎಲ್ಲಾ ಸೇರಿ ಯೋಚ್ನೆ ಮಾಡಿದ್ದು.'

'ಎಲ್ಲಾ ಅಂದ್ರೆ ನೀವಿಬ್ರು.' ಆಮೇಲೆ ತಲೆಯೆತ್ತಿದಳು. 'ಹೋಗ್ಲಿ ಬಿಡು. ಒಂದೇ ಒಂದ್ ಮಾತು. ಅವತ್ತು ನಾನು ಕೂಗಿದ್ದು ನಿಂಗೆ ಕೇಳಿಸ್ತಾ?'

ಸುಳ್ಳು ಹೇಳಬಹುದಿತ್ತು. ಗದ್ದಲವಿತ್ತು, ಗಮನ ಬೇರೆ ಕಡೆ ಇತ್ತು ಎನ್ನಬಹುದಿತ್ತು. ನಾನು ಅಂಥವನಲ್ಲ. 'ಕೇಳಿಸ್ತು ಅಕ್ಕ,' ಎಂದೆ.

'ಸರಿ.' ಲಕೋಟೆ ತೆಗೆದುಕೊಂಡು ಎಣಿಸಿದಳು. 'ಇದು ನಾನ್ ದುಡಿದಿದ್ದು, ಇಟ್ಕೋತೀನಿ. ಕಿವುಡ ಅಂದ್ಕೊಂಡಿದ್ದೆ ಕಣೋ ನಿನ್ನ. ನಿನ್ನೆ ಮೊನ್ನೆಯೆಲ್ಲ ನಿನ್ನ ಪರವಾಗಿ ನನ್ನ ಹತ್ರ ನಾನೇ ವಾದ ಮಾಡ್ತಿದ್ದೆ. ಹೋಗು ಇನ್ನು.'

ಯಂತ್ರ ಮತ್ತೆ ಕಟಕಟ ಎಂದಿತು. ದಾರಿಯುದ್ದಕ್ಕೂ ಅದೇ ಯೋಚನೆ. ಇಷ್ಟು ಪ್ರಾಮಾಣಿಕವಾಗಿ ನಡೆದುಕೊಂಡರೂ ಜನಕ್ಕೆ ತೃಪ್ತಿಯಿಲ್ಲ.

ಮೇ 3

ಕೋಣೆ ಈಗ ಶಾಂತ. 'ಬದಲಿ' ಎಂದು ಯಾರೂ ಕೂಗುವುದಿಲ್ಲ. ಮೊದಲು ಅಷ್ಟು ಗದ್ದಲವಿತ್ತಲ್ಲ, ಆ ಅಗತ್ಯವೆಲ್ಲ ಎಲ್ಲಿ ಹೋಯಿತು?

ಹೆಂಗಸರು ಬೆಳಿಗ್ಗೆಯಿಂದ ನೀರು ಮುಟ್ಟುವುದಿಲ್ಲ. ಗಂಡಸರು ಕುರ್ಚಿಯ ಕೆಳಗೆ ಬಾಟಲಿ ಇಟ್ಟುಕೊಳ್ಳುತ್ತಾರೆ. ಸಂಜೆ ಹೋಗುವಾಗ ಕಾಗದ ಸುತ್ತಿ ಒಯ್ಯುತ್ತಾರೆ. ನಾನು ನೋಡಿಯೂ ನೋಡದ ಹಾಗೆ ಇರುತ್ತೇನೆ, ಅವರ ಮರ್ಯಾದೆಯ ಪ್ರಶ್ನೆ. ಜನ ಹೊಂದಿಕೊಳ್ಳುತ್ತಾರೆ. ನಮ್ಮ ಉತ್ಪಾದನೆ ಈ ವಾರ ಎಲ್ಲಕ್ಕಿಂತ ಮೇಲಿದೆ.

ಮೇ 8

ಮಾಲೀಕರಿಗೆ ಬರೆದುಕೊಟ್ಟೆ. ಬಳಕೆಯಲ್ಲಿಲ್ಲದ ಕಾರಣ ಬದಲಿ ಕೈಯನ್ನು ರದ್ದು ಮಾಡಬಹುದು. ನಾನು ಪೂರ್ತಿ ಖಜಾನೆಗೇ ಕೂರಬಹುದು. ಒಪ್ಪಿದರು. ನಾಳೆ ಕೋಣೆಗೆ ತಿಳಿಸಬೇಕು. ತಿಳಿವಳಿಕೆಯುಳ್ಳ ಜನ, ಅರ್ಥಮಾಡಿಕೊಳ್ಳುತ್ತಾರೆ.

ಮೇ 9

ಮಧ್ಯಾಹ್ನ, ಊಟ ಮುಗಿದು ಎಲ್ಲರೂ ಆಟಕ್ಕೆ ಮರಳಿದ ಮೇಲೆ ಹೇಳಿದೆ. ನಿಂತು, ಎಲ್ಲರಿಗೂ ಕೇಳುವಂತೆ, ಕಾರಣಸಮೇತ ಹೇಳಿದೆ. ಹೇಳಿ ಮುಗಿಸುವವರೆಗೆ ಯಾರೂ ತೆರೆಯಿಂದ ಕಣ್ಣು ತೆಗೆಯಲಿಲ್ಲ. ಅರ್ಥವಾಯಿತು ಎಂದುಕೊಂಡೆ.

ಮೊದಲು ಹೆಂಗಸರು ಎದ್ದರು. ಟೈಲರಕ್ಕನ ಕುರ್ಚಿಗೆ ಬಂದ ಹೊಸ ಹುಡುಗಿಯೂ ಎದ್ದಳು, ಅವಳಿಗೆ ಇಲ್ಲಿ ಇನ್ನೂ ಎರಡು ವಾರವಾಗಿಲ್ಲ. ನನ್ನನ್ನು ಕೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಒಬ್ಬರ ಹಿಂದೆ ಒಬ್ಬರು ಕಬ್ಬಿಣದ ಮೆಟ್ಟಿಲು ಇಳಿದು ಹೋದರು.

'ಖಾತೆ ಸಾಯುತ್ತೆ!' ಎಂದು ಕೂಗಿದೆ.

'ಸಾಯ್ಲಿ,' ಎಂದಳು ಒಬ್ಬಳು ಕೆಳಗಿನಿಂದ. 'ನಾವು ಬದುಕ್ತೀವಿ.'

ಮೇಷ್ಟ್ರು ಎದ್ದರು. ಬಗ್ಗಿ ಕುರ್ಚಿಯ ಕೆಳಗಿನಿಂದ ಬಾಟಲಿ ತೆಗೆದರು. ಇವತ್ತು ಕಾಗದ ಸುತ್ತಲಿಲ್ಲ. ತುಂಬಿದ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಮಕ್ಕಳ ಉತ್ತರಪತ್ರಿಕೆ ತರುವ ಹಾಗೆ ತಂದು, ನನ್ನ ಮೇಜಿನ ಮೇಲೆ ಕೀಲಿಮಣೆಯ ಪಕ್ಕ ಇಟ್ಟರು.

'ಇದನ್ನೂ ಖಜಾನೆಗೆ ಜಮಾ ಮಾಡ್ಕೊಳ್ಳಿ, ಸಾರ್.'

ಯಾರೋ ಪಕ್ಕನೆ ನಕ್ಕರು. ಈ ಕೋಣೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು. ಇನ್ನೊಬ್ಬ ತಂದಿಟ್ಟ, 'ನಂದು ಸ್ವಲ್ಪ ಕಮ್ಮಿ ಇದೆ ಸಾರ್, ನಾಳೆ ಸೇರಿಸಿ ಕೊಡ್ತೀನಿ' ಎಂದ. ಮತ್ತೊಬ್ಬ ತಂದಿಟ್ಟ. ಎಲ್ಲ ಗಂಡಸರೂ ಇಟ್ಟು, ಹೆಂಗಸರ ಹಿಂದೆಯೇ ಇಳಿದುಹೋದರು. ಒಂದು ಬಾಟಲಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ.

ನಾನು ಕುರ್ಚಿಯಿಂದ ಕುರ್ಚಿಗೆ ಓಡಿದೆ. ಕಾವಲಿನವನು ಮೊದಲು ಒಂದು ತೆರೆಗೆ ಬಂದ, ಆಮೇಲೆ ಇನ್ನೊಂದಕ್ಕೆ. ಏನೋ ಕೇಳುತ್ತಿದ್ದ. ಏನು ಕೇಳುತ್ತಿದ್ದಾನೆಂದು ನನಗೆ ಗೊತ್ತಾಗಲಿಲ್ಲ, ಹೇಳಲು ಮೇಷ್ಟ್ರಿರಲಿಲ್ಲ. ಕೈಗೆ ಸಿಕ್ಕ ಅಕ್ಷರ ಬಡಿದೆ. ತೆರೆಗಳು ಒಂದೊಂದಾಗಿ ಕಪ್ಪಾದವು.

ಸಂಘದಲ್ಲಿದ್ದವನು ನಾನು. ಮನವಿ ಕೊಡಬಹುದಿತ್ತು, ಕೂತು ಮಾತಾಡಬಹುದಿತ್ತು, ನನ್ನ ಬಾಗಿಲು ಯಾವತ್ತೂ ತೆರೆದೇ ಇದೆ. ಇಂಥದ್ದನ್ನೆಲ್ಲ ಇವರ ತಲೆಗೆ ತುಂಬುವವರು ಯಾರು?

ಮಾಲೀಕರು ಫೋನು ಮಾಡುತ್ತಲೇ ಇದ್ದರು. ಎತ್ತುವ ಮೊದಲು ಮೇಜು ಒರೆಸೋಣವೆಂದು ಬಾಟಲಿಗಳನ್ನು ಬದಿಗೆ ಸರಿಸಿದೆ. ಇನ್ನೂ ಬೆಚ್ಚಗಿದ್ದವು.